ಹನ್ನೊಂದನೇ ತಾರೀಖಿಗೇ ಏಳುವ ಕಂಪ್ಯೂಟರ್

ಹದಿನಾರನೇ ತಾರೀಖು, ಬೆಳಿಗ್ಗೆ 10.20. ಜನನ-ಮರಣ ನೋಂದಣಿ ಕಚೇರಿಯ ಅಧಿಕಾರಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕಚೇರಿಯ ಕಂಪ್ಯೂಟರನ್ನು ಯಾರೋ ನಾಲ್ಕು ದಿನದಲ್ಲಿ ನಾಲ್ಕು ಸಲ ಕೆಡಿಸಿದ್ದಾರೆ. ಒಂದೇ ಒಂದು ಮರಣ ಪ್ರಮಾಣಪತ್ರವೂ ಹೊರಬಿದ್ದಿಲ್ಲ.

ಇನ್‌ಸ್ಪೆಕ್ಟರ್ ಮೀಸೆ ತಿರುವಿದರು. ಅದೇನು ಸಾಮಾನ್ಯ ಮೀಸೆಯೇ? ಒಮ್ಮೆ ಅಲುಗಾಡಿದರೆ ಸಾಕು, ಮೂರು ಬೀದಿ ಆಚೆಯ ಜೇಬುಗಳ್ಳ ಕದ್ದ ಪರ್ಸನ್ನು ವಾಪಸ್ ಇಟ್ಟು ಕ್ಷಮೆ ಕೇಳುತ್ತಿದ್ದ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅವರಿಗೆ ಗೊತ್ತಿದ್ದುದು ಆನ್ ಮಾಡುವ ಗುಂಡಿಯೊಂದೇ, ಅದೂ ಹುಡುಕಿದರೆ. ಎಫ್‌ಐಆರ್ ಹಾಕಿ, ಕಂಪ್ಯೂಟರ್ ಬಲ್ಲ ಮಹಿಳಾ ಕಾನ್‌ಸ್ಟೆಬಲ್ ಜೊತೆ ಜೀಪು ಹತ್ತಿದರು.

11.05. ಕಚೇರಿಯ ಸಾಲು ಎಷ್ಟು ಉದ್ದವಿತ್ತೆಂದರೆ ಅದರ ತುದಿಗೆ ಬೇರೆಯದೇ ಹವಾಮಾನವಿತ್ತು. ಮುಂದೆ ನಿಂತಿದ್ದ ಹೆಂಗಸು ಇನ್‌ಸ್ಪೆಕ್ಟರನ್ನು ತಡೆದಳು.

"ನಮ್ಮನೆಯವ್ರು ಹೋಗಿ ನಾಲ್ಕು ದಿನ ಆಯ್ತು ಸಾರ್. ಕಾಗದ ಇಲ್ದೆ ಮಗೂನ ಹಾಸ್ಟೆಲ್‌ಗೆ ಸೇರಿಸ್ಕೊಳಲ್ವಂತೆ. ನಾಳೆ ಕೊನೇ ದಿನ. ಅವ್ರು ಸತ್ತೇ ಇಲ್ಲ ಅಂತಿದ್ಯಾ ಈ ಮಿಷನ್ನು?"

ಒಳಗೆ ಕಪ್ಪು ಪರದೆ, ಅದರ ಮೇಲೆ ಒಂದೇ ಬಿಳಿ ಸಾಲು: ಫೈಲ್ ಸಿಗುತ್ತಿಲ್ಲ. ರಿಪೇರಿಯವನು ಕೈಚೆಲ್ಲಿ ಕೂತಿದ್ದ.

"ದಿನಾ ಸಂಜೆ ಹನ್ನೊಂದನೇ ತಾರೀಖಿನ ಬ್ಯಾಕಪ್ ಹಾಕಿ ಎಬ್ಬಿಸ್ತೀನಿ ಸಾರ್. ಇರೋದು ಅದೊಂದೇ. ಬೆಳಿಗ್ಗೆ ನೋಡಿದ್ರೆ ಮತ್ತೆ ಅಂಗಾತ."

"ಬ್ಯಾಕಪ್ ಹಾಕಿದ್ರೆ ಯಾರು ಕೆಡಿಸಿದ್ರು ಅನ್ನೋ ಲಾಗೂ ಅಳಿಸಿ ಹೋಗತ್ತೆ," ಎಂದಳು ಕಾನ್‌ಸ್ಟೆಬಲ್. "ಕಳ್ಳನ ಹೆಜ್ಜೆಗುರುತನ್ನ ದಿನಾ ನೀವೇ ಗುಡಿಸಿ ಸಾರಿಸಿದೀರಲ್ಲಣ್ಣ."

ಅವಳು ಬ್ಯಾಕಪ್ ಮುಟ್ಟಲಿಲ್ಲ. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಎಬ್ಬಿಸಿ, ಮೊದಲು ಲಾಗನ್ನು ಹೊರತೆಗೆದಳು. ಇನ್‌ಸ್ಪೆಕ್ಟರ್ ಸಾಲಿನಲ್ಲಿದ್ದ ಇಬ್ಬರನ್ನು ಸಾಕ್ಷಿಗೆ ಕರೆದು ಪಂಚನಾಮೆ ಬರೆದರು. ಆಮೇಲೆ ಅವಳು ಅಳಿಸಿದ್ದ ಫೈಲನ್ನಷ್ಟೇ ಡಿಸ್ಕಿನಿಂದ ಹುಡುಕಿ ತೆಗೆದು ಮರಳಿ ಕೂರಿಸಿದಳು. 12.50ಕ್ಕೆ ಪರದೆ ಬೆಳಗಿತು.

ಲಾಗಿನಲ್ಲಿತ್ತು: ಬೆಳಿಗ್ಗೆ 9.42ಕ್ಕೆ ಲಾಗಿನ್. 9.47ಕ್ಕೆ ಫೈಲ್ ಡಿಲೀಟ್. ಪಾಸ್‌ವರ್ಡ್ ಹಿರಿಯ ಗುಮಾಸ್ತರದು.

"ಅವರದಾ?" ಅಧಿಕಾರಿ ನಂಬಲಿಲ್ಲ. "ಮಗಳು ತೀರ್ಕೊಂಡ್ರೂ ಒಂದೇ ದಿನ ರಜೆ ಹಾಕಿ ಬಂದ ಮನುಷ್ಯ ಕಣ್ರೀ."

ಗುಮಾಸ್ತರು ಕೌಂಟರಿನಲ್ಲಿ ಯಾರಿಗೋ ಅರ್ಜಿ ತೋರಿಸುತ್ತಿದ್ದರು. "ಸಹಿ ಇಲ್ಲಿ. ಈ ಗೆರೆ ಮೇಲೆ." ಇಪ್ಪತ್ತಾರು ವರ್ಷದಲ್ಲಿ ಆ ಬೆರಳು ಅರ್ಧ ಊರಿನ ದುಃಖಕ್ಕೆ ಗೆರೆ ತೋರಿಸಿತ್ತು, ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

"9.42ಕ್ಕೆ ಎಲ್ಲಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲೇ."

"ಅಳಿಸಿದ್ದು ನೀವೇನಾ?"

"ಹೌದು."

"ಯಾರು ಹೇಳಿದ್ರು?"

"ಯಾರೂ ಇಲ್ಲ."

ಕಾನ್‌ಸ್ಟೆಬಲ್ ಬಾಕಿ ಅರ್ಜಿಗಳ ಕಟ್ಟು ಬಿಚ್ಚಿದಳು. ಎಲ್ಲಕ್ಕಿಂತ ಮೇಲಿನದು ಹನ್ನೆರಡನೇ ತಾರೀಖಿನ ಸಾವಿನದು. ಹುಡುಗಿ, ಹತ್ತೊಂಬತ್ತು ವರ್ಷ. ತಂದೆಯ ಕೈಬರಹ ಗುಂಡಗೆ, ಒಂದು ಚಿತ್ತೂ ಇಲ್ಲದೆ ಇತ್ತು. ಅವಳು ಅದನ್ನು ಇನ್‌ಸ್ಪೆಕ್ಟರ್ ಕೈಗಿಟ್ಟಳು.

"ಕಂಪ್ಯೂಟರ್ ಎದ್ರೆ ಮೊದಲು ಅವಳದ್ದೇ ಟೈಪ್ ಮಾಡ್ಬೇಕು ಸಾರ್," ಎಂದರು ಗುಮಾಸ್ತರು. "ಇದು ಎಷ್ಟು ಸಲ ಎದ್ರೂ ಹನ್ನೊಂದಕ್ಕೇ ಏಳ್ತಿತ್ತು. ಅದ್ರೊಳಗೆ ಅವಳಿನ್ನೂ ಇದ್ಲು."

"ಹೊರಗೆ ಅಷ್ಟು ಜನ ನಿಂತಿದಾರಲ್ರೀ."

"ಗೊತ್ತು ಸಾರ್. ದಿನಾ ನಾನೇ ಅವ್ರಿಗೆ ನಾಳೆ ಬನ್ನಿ ಅಂತಿದ್ದೆ."

ಸಂಜೆ 4.10ಕ್ಕೆ ಬಂಧನ. ಅಧಿಕಾರಿಯೇ ಕೂತು ಟೈಪ್ ಮಾಡಿದರು. ಹಾಸ್ಟೆಲಿನ ಕಾಗದ ಬೇಕಿದ್ದ ಹೆಂಗಸು ತನ್ನದನ್ನು ಎದೆಗವಚಿಕೊಂಡು ಓಡಿದಳು. ಒಂದು ಪ್ರಮಾಣಪತ್ರ ಉಳಿಯಿತು. ಹತ್ತಿರದ ಸಂಬಂಧಿಯ ಸಹಿ ಪಡೆದು ಕೊಡಬೇಕೆಂಬುದು ನಿಯಮ. ಕಾನ್‌ಸ್ಟೆಬಲ್ ಅದನ್ನೂ ಸಹಿಯ ಪುಸ್ತಕವನ್ನೂ ಜೀಪಿಗೆ ತಂದಳು.

ಗುಮಾಸ್ತರು ಪೆನ್ನು ಹಿಡಿದು ಬಹಳ ಹೊತ್ತು ಪುಟ ನೋಡಿದರು.

"ಸಹಿ ಎಲ್ಲಿ ಮಾಡೋದು?"

ಊರನ್ನೇ ನಡುಗಿಸುವ ಮೀಸೆ ಆಗ ಅಲುಗಲಿಲ್ಲ. ಇನ್‌ಸ್ಪೆಕ್ಟರ್ ಬಗ್ಗಿ ಬೆರಳಿಟ್ಟರು.

"ಇಲ್ಲಿ. ಈ ಗೆರೆ ಮೇಲೆ."