ಹೊರಗಿನ ಟಗರು

"ಏಯ್, ಯಾರಮ್ಮ ಅದು? ಕುರಿಗಳನ್ನ ಬೆದರಿಸ್ತಿದ್ದೀರಲ್ಲ! ಪಿಕ್ನಿಕ್ ಮಾಡೋ ಜಾಗಾನಾ ಇದು?"

ಬಂಡೆಯ ಹಿಂದೆ ಮಂಡಿಯೂರಿದ್ದ ಹುಡುಗಿ ತಿರುಗಿ ನೋಡಿದಳು. ಜಾರಿದ ತಲೆವಸ್ತ್ರದಡಿ ಎರಡು ಸಿಟ್ಟಿನ ಕಣ್ಣು.

"ಪಿಕ್ನಿಕ್ ಅಲ್ಲ, ಪರೀಕ್ಷೆಗೆ ಹಿಕ್ಕೆ ಆಯ್ತಿದ್ದೀನಿ. ನಿಮಗೂ ಒಂದು ಹಿಡಿ ಕೊಡ್ಲಾ?"

ಊರ್ಮಿಯಾ ಎಂಬ ಉಪ್ಪುನೀರಿನ ಸರೋವರದ ಆ ದ್ವೀಪದಲ್ಲಿ ಎಲ್ದಾರ್ ಕಾಡುಕುರಿಗಳ ಕಾವಲುಗಾರ. ಅವಳು ಸೆವಿಲ್, ಪಟ್ಟಣದಿಂದ ಬಂದ ಹೊಸ ಪಶುವೈದ್ಯೆ. ಅವನ ಕಿವಿ ಕೆಂಪಾದದ್ದನ್ನು ನೋಡಿ ಅವಳು ನಗು ನುಂಗಿಕೊಂಡಳು. ಆ ನುಂಗಿದ ನಗುವೇ ಅವನನ್ನು ಕೆಡಿಸಿತು.

ಆ ವರ್ಷ ಮರಿಗಳು ಹುಟ್ಟುತ್ತಲೇ ಸಾಯುತ್ತಿದ್ದವು. ಅವನು ಕುರಿಯನ್ನು ಅಮುಕಿ ಹಿಡಿಯುವನು, ಅವಳು ರಕ್ತ ತೆಗೆಯುವಳು. ಇಬ್ಬರ ಉಸಿರೂ ಒಂದೇ ಉಣ್ಣೆಯ ಮೇಲೆ ಬೀಳುತ್ತಿತ್ತು.

"ರೋಗ ಅಲ್ಲ," ಒಂದು ಸಂಜೆ ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಚಹಾ ಹೀರುತ್ತ ಅವಳು ಹೇಳಿದಳು. "ಎಲ್ಲಾ ಒಂದೇ ಮನೆಯವು. ತಲೆಮಾರಿನಿಂದ ತಮ್ಮತಮ್ಮಲ್ಲೇ ಕೊಟ್ಟು ತಂದು ರಕ್ತ ಸೋತಿದೆ. ಹೊರಗಿನ ಟಗರು ಬರ್ಬೇಕು. ಇಲ್ದಿದ್ರೆ ವಂಶ ಮುಗೀತು."

"ಹೊರಗಿನವ್ನು ಅಂದ್ರೆ, ನನ್ನಂಥವ್ನಾ ಡಾಕ್ಟ್ರೇ?"

"ನಿಮಗಿಂತ ಸ್ವಲ್ಪ ಬುದ್ಧಿ ಇರೋವ್ನು." ಅಂದಳೇನೋ ಹೌದು. ಆದರೆ ಲೋಟ ತುಳುಕಿ ಚಹಾ ಮಡಿಲ ಮೇಲೆ ಚೆಲ್ಲಿತು.

ಒಂದಿಡೀ ವರ್ಷ ಅವಳು ಅಧಿಕಾರಿಗಳ ಜೊತೆ ಜಗಳ ಆಡಿದಳು. ಕೊನೆಗೆ ದೂರದ ಬೆಟ್ಟದಿಂದ ಎರಡು ಟಗರುಗಳು ದೋಣಿಯೇರಿ ಬಂದವು. ಆ ದಿನ ಎಲ್ದಾರ್ ಗಡ್ಡ ಹೆರೆದುಕೊಂಡು ನಿಂತಿದ್ದ.

"ಸೆವಿಲ್, ನಿಮ್ಮಪ್ಪನ್ನ ನೋಡೋಕೆ ಬರ್ಲಾ?"

ಅವಳ ಕೈ ಟಗರುಗಳಿದ್ದ ಪೆಟ್ಟಿಗೆಯ ಚಿಲಕದ ಮೇಲೇ ನಿಂತಿತು. "ಬರ್ಬೇಡ. ಶುಕ್ರವಾರ ನನ್ನ ಮದುವೆ. ದೊಡ್ಡಪ್ಪನ ಮಗನ ಜೊತೆ. ನಮ್ಮ ಮನೆತನದಲ್ಲಿ ಅದೇ ಪದ್ಧತಿ."

ತಮಾಷೆ ಎಂದುಕೊಂಡು ಅವನು ನಕ್ಕ. ಅವಳು ನಗಲಿಲ್ಲ.

"ಕುರಿಗಳಿಗೆ ಹೊರಗಿನ ಸಂಬಂಧ ಬೇಕು ಅಂತ ಊರೆಲ್ಲಾ ಬಡಿದಾಡಿದವ್ಳು ನೀನು!"

"ಕುರಿಗಳ ಅಪ್ಪ ಹಾಸಿಗೆ ಹಿಡಿದು ಅಳಲ್ಲ ಎಲ್ದಾರ್. 'ಅಣ್ಣನಿಗೆ ಮಾತು ಕೊಟ್ಟಿದ್ದೀನಿ, ನನ್ನ ಮರ್ಯಾದೆ ಉಳಿಸು' ಅಂತ ಕೈ ಮುಗಿಯಲ್ಲ."

"ಬೇಡ ಅನ್ಬೇಕಿತ್ತು."

"ಅಂದೆ. ಅಪ್ಪ ಅನ್ನ ನೀರು ಬಿಟ್ರು."

ಮೊದಲ ಸಲ ಅವಳ ಬೆರಳು ಅವನ ಕೆನ್ನೆ ಮುಟ್ಟಿತು. ಅವನು ಆ ಕೈ ಹಿಡಿದುಕೊಂಡಿದ್ದರೆ ನಿಲ್ಲುತ್ತಿದ್ದಳೇನೋ. ಅವನು ರೋಷಕ್ಕೆ ಮುಖ ತಿರುಗಿಸಿದ. ಅವಳು ಚಿಲಕ ಎಳೆದಳು. ಟಗರುಗಳು ಗುಡ್ಡದತ್ತ ಚಿಮ್ಮಿದವು. ಅವನು ತಿರುಗಿ ನೋಡುವಷ್ಟರಲ್ಲಿ ಅವಳ ದೋಣಿ ಉಪ್ಪೇರಿ ಕೆಂಪಾದ ನೀರಿಗೆ ಇಳಿದಿತ್ತು.

ಮುಂದಿನ ವಸಂತದಲ್ಲಿ ಮರಿಗಳು ಹುಟ್ಟಿದವು, ಗಟ್ಟಿ ಕಾಲಿನವು. ತಡೆಯಲಾರದೆ ಎಲ್ದಾರ್ ಅವಳಿಗೆ ಫೋನ್ ಮಾಡಿದ. ಎತ್ತಿದ್ದು ಗಂಡಸಿನ ದನಿ, ಬಹಳ ಮರ್ಯಾದಸ್ಥ ದನಿ.

"ಸೆವಿಲ್ ಈಗ ಕೆಲಸಕ್ಕೆ ಹೋಗಲ್ಲ ಸ್ವಾಮಿ. ಏನಾದ್ರೂ ಹೇಳ್ಬೇಕಿತ್ತಾ?"

"ಮರಿಗಳು ಬದುಕಿವೆ ಅಂತ ಹೇಳಿ."



"ಯಾವ ಮರಿಗಳು?" ಎಂದ ಅವಳ ಗಂಡ.