ಗೋಡೆಯಾಚೆ ತಟ್ಟುವವರು

ಮುಖ ನೋಡಿ ಮನಸೋತವರನ್ನು ಕಂಡಿದ್ದೇನೆ, ದನಿ ಕೇಳಿ ಮನಸೋತವರನ್ನೂ ಕಂಡಿದ್ದೇನೆ. ನಾನು ಮಾತ್ರ ಒಬ್ಬ ಗಂಡಸು ಸುತ್ತಿಗೆಯಿಂದ ಕಲ್ಲಿಗೆ ತಟ್ಟುವುದನ್ನು ಕೇಳಿ ಮನಸೋತವಳು. ನಗಬೇಡಿ.

ನನ್ನ ಕೆಲಸ ಗಣಿಯ ಮೇಲಿನ ಕಂಟ್ರೋಲ್ ರೂಮಿನಲ್ಲಿ. ಕೆಳಗೆ ಸುರಂಗದ ಗೋಡೆಗಳಿಗೆ ನೂರಾರು ಸೆನ್ಸರ್ ಹಾಕಿದ್ದೇವೆ. ಕಲ್ಲು ಬಿರುಕು ಬಿಡುವ ಸಣ್ಣ ಸದ್ದೂ ನನ್ನ ಸ್ಕ್ರೀನಿನಲ್ಲಿ ಗೆರೆಯಾಗಿ ಏಳುತ್ತದೆ. ಈಗ ಜನ ಇರುವ ಕಡೆ ಮಾತ್ರ ಫ್ಯಾನ್ ತಿರುಗುತ್ತದೆ, ನೀರು ತುಂಬಿದ ಕಡೆ ಮಾತ್ರ ಪಂಪ್ ಓಡುತ್ತದೆ. ಕರೆಂಟು ಅರ್ಧಕ್ಕರ್ಧ ಉಳಿದಿದೆ. ಕೆಳಗಿನವರು ಸೆನ್ಸರನ್ನು ‘ಕಿವಿ’ ಅನ್ನುತ್ತಾರೆ, ನನ್ನನ್ನು ‘ಕಿವಿಯಮ್ಮ’.

ಆ ಕಿವಿಗಳನ್ನು ಕೂರಿಸುವವನು ವೈರ್‌ಮನ್. ಒಂದೊಂದು ಕೂರಿಸಿದ ಮೇಲೂ ಪಕ್ಕದ ಕಲ್ಲಿಗೆ ಮೂರು ಸಲ ತಟ್ಟಿ, ಒಂದು ಉಸಿರಿನಷ್ಟು ತಡೆದು, ಇನ್ನೊಂದು ತಟ್ಟುತ್ತಿದ್ದ. ಗೆರೆ ಎದ್ದರೆ ನಾನು ಫೋನಿನಲ್ಲಿ “ಬಂತು” ಎನ್ನಬೇಕು. ಈ ಮೂರು-ಒಂದನ್ನು ಒಂದು ಸಾರಿ ತಟ್ಟಿದರೆ ಸಾಕಿತ್ತು. ಅವನು ಎರಡೆರಡು ಸಾರಿ ತಟ್ಟುತ್ತಿದ್ದ.

“ಮೊದಲನೇದೇ ಕೇಳಿಸ್ತು ಕಣ್ರೀ,” ಎಂದೆ ಒಂದು ದಿನ.

“ಗೊತ್ತು ಮೇಡಂ. ಎರಡನೇದು ಸೆನ್ಸರ್‌ಗಲ್ಲ.”

ನನ್ನ ಕೆನ್ನೆ ಬಿಸಿಯಾಯಿತು. ಅವತ್ತು ಶಿಫ್ಟ್ ಮುಗಿಸಿ ಲಿಫ್ಟಿನಿಂದ ಹೊರಬಂದವನ ಮುಖದಲ್ಲಿ ದೂಳಿನ ನಡುವೆ ಕಣ್ಣೆರಡೇ ಕಾಣುತ್ತಿದ್ದವು. ಕಿಟಕಿಯ ಕಡೆ ನೋಡಿದ. ನಾನು ನೋಡುತ್ತಿದ್ದೇನೆಂದು ಖಾತ್ರಿಯಾದ ಮೇಲೆ ಏನೂ ಅರಿಯದವನಂತೆ ಹೆಲ್ಮೆಟ್ ಒರೆಸತೊಡಗಿದ. ಕಳ್ಳ.

ಆಮೇಲೊಂದು ಬೆಳಗ್ಗೆ, ಹನ್ನೊಂದೂಕಾಲಿಗೆ, ಅದೇ ಮೂರು, ಒಂದು, ಮುಚ್ಚಿದ ಸುರಂಗದಿಂದ ಬಂತು. ಒಂಬತ್ತು ವರ್ಷದ ಹಿಂದೆ ಅಲ್ಲಿ ಮೇಲ್ಭಾಗ ಕುಸಿದು ಒಬ್ಬರು ಸತ್ತಿದ್ದರು. ದೇಹವೂ ಸಿಕ್ಕಿರಲಿಲ್ಲ, ಸುರಂಗದ ಬಾಯಿಗೆ ಗೋಡೆ ಕಟ್ಟಿಬಿಟ್ಟಿದ್ದರು. ಆ ಗೋಡೆಗೆ ಹಿಂದಿನ ವಾರವಷ್ಟೇ ಕಿವಿ ಕೂರಿಸಿದ್ದೆವು. ಸದ್ದು ಗೋಡೆಯ ಆಚೆಯಿಂದ. ಮರುದಿನವೂ ಅದೇ ಹೊತ್ತಿಗೆ. ಅದರ ಮರುದಿನವೂ. ಯಾರೂ ಇಲ್ಲದ ಕಡೆಯ ಸದ್ದೆಂದರೆ ಬಿರುಕೆಂದೇ ಲೆಕ್ಕ, ಹಾಗಾಗಿ ಪ್ರತಿ ಸಲ ಅಲಾರಂ ಹೊಡೆದು, ಎಪ್ಪತ್ತು ಜನ ಕೆಲಸ ಬಿಟ್ಟು ಮೇಲೆ ಬಂದರು. ಮ್ಯಾನೇಜರ್ ನನ್ನನ್ನು ಕರೆದು ಚೆನ್ನಾಗಿ ಉಗಿದರು.

ಇದು ವೈರ್‌ಮನ್‌ನ ಕೀಟಲೆಯೇ ಎಂದುಕೊಂಡು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ.

“ಈ ಮೂರು ದಿನ ಆ ಕಡೆ ನಾನು ಹೋಗೇ ಇಲ್ಲ ಮೇಡಂ,” ಎಂದ. “ಹಾಗೆ ತಟ್ಟೋದು ನನಗೆ ಕಲಿಸಿದ್ದು ಅಪ್ಪ. ನಾನಿಲ್ಲೇ ಇದ್ದೀನಿ ಅಂತ ಹೇಳೋಕೆ. ಆ ಗೋಡೆ ಆಚೆ ಇರೋದು ಅವರೇ.”

ಸತ್ತ ಅಪ್ಪನನ್ನೂ ಆಟಕ್ಕೆ ಎಳೆಯುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಫೋನ್ ಕುಕ್ಕಿದೆ. ಅದೇ ಸಿಟ್ಟಿನಲ್ಲಿ ಕೂತು ಒಂದು ಫಿಲ್ಟರ್ ಬರೆದೆ. ಮೂರು, ಬಿಡುವು, ಒಂದು ಎಂಬ ಸದ್ದು ಎಲ್ಲಿಂದಲೇ ಬರಲಿ, ಅಲಾರಂ ಬೇಡ, ಸ್ಕ್ರೀನಿಗೂ ಬೇಡ, ಕಸದ ಫೈಲಿಗೆ ಹೋಗಲಿ. ಗಣಿ ಸುಸೂತ್ರವಾಗಿ ನಡೆಯಿತು, ಮ್ಯಾನೇಜರ್ ಬೆನ್ನು ತಟ್ಟಿದರು. ಎಂಟು ದಿನ ವೈರ್‌ಮನ್ ಹೊಸ ಕಿವಿಗೆ ಒಂದೇ ಒಂದು ಏಟು ತಟ್ಟುತ್ತಿದ್ದ, ಫೋನಿನಲ್ಲಿ ಕೆಲಸದ ಮಾತು ಬಿಟ್ಟು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ, ಜಂಬ.

ಒಂಬತ್ತನೇ ದಿನ ನಿಜವಾಗಿಯೂ ಕಲ್ಲು ಬಿತ್ತು. ಬಿರುಕಿನ ಸದ್ದು ಮೊದಲೇ ಹಿಡಿದು ಎಚ್ಚರಿಸಿದ್ದರಿಂದ ಜನ ಮೇಲೆ ಬಂದರು. ಎಣಿಸಿದರೆ ಒಬ್ಬ ಕಡಿಮೆ. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಒಂದು ಕೇಬಲ್ ಕಡಿದು, ಅವನಿದ್ದ ಜಾಗ ತೋರಿಸುವ ಹೆಲ್ಮೆಟ್ಟಿನ ಗುರುತು ಸ್ಕ್ರೀನಿನಿಂದ ಮಾಯವಾಗಿತ್ತು. ಕಿವಿಗಳು ಮಾತ್ರ ಬದುಕಿದ್ದವು. ಎಡಗಡೆಯ ದಾರಿಯೂ ಮುಚ್ಚಿತ್ತು, ಬಲಗಡೆಯದೂ. ಅಗೆಯಲು ಇದ್ದದ್ದು ಒಂದೇ ತಂಡ. ತಪ್ಪು ಕಡೆ ಅಗೆದರೆ ಅಷ್ಟರಲ್ಲಿ ಅವನ ಗಾಳಿ ಮುಗಿದಿರುತ್ತಿತ್ತು.

“ಏನಾದ್ರೂ ಕೇಳಿಸ್ತಿದೆಯೇನಮ್ಮಾ?” ಎಂದರು ಮ್ಯಾನೇಜರ್.

ಏನೂ ಇರಲಿಲ್ಲ. ಗೆರೆ ನೆಟ್ಟಗೆ ಮಲಗಿತ್ತು. ಆಗ ಫಿಲ್ಟರ್ ನೆನಪಾಯಿತು. ಕಸದ ಫೈಲ್ ತೆರೆದೆ. ಬಲಗಡೆಯ ಕಿವಿಯಲ್ಲಿ ಮೂರು, ಒಂದು. ಮೂರು, ಒಂದು. ಇಪ್ಪತ್ತೈದು ನಿಮಿಷದಿಂದ ಅವನು ಕರೆಯುತ್ತಿದ್ದ, ನಾನು ಎಸೆಯುತ್ತಿದ್ದೆ. ಬಲಗಡೆ ಅಗೆಯಿರಿ ಎಂದವಳ ದನಿ ನನ್ನದೆಂದು ನನಗೇ ಅನಿಸಲಿಲ್ಲ.

ಮೂರು ಗಂಟೆ ಅಗೆದು ಅವನನ್ನು ಜೀವಂತ ತೆಗೆದರು.

ಮರುದಿನ ಆಸ್ಪತ್ರೆಯಲ್ಲಿ, ನೀವು ತಟ್ಟದೆ ಇದ್ದಿದ್ದರೆ ಎಂದು ಶುರುಮಾಡಿ ಅತ್ತುಬಿಟ್ಟೆ. ಫಿಲ್ಟರಿನ ವಿಷಯ ಮುಚ್ಚಿಡದೆ ಹೇಳಿದೆ. ನಿಮ್ಮನ್ನು ಬಿಟ್ಟು ನನಗೆ ಆಗುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದೆ. ಆ ಹೊತ್ತಿಗೆ ಮಾನ ಮರ್ಯಾದೆ ಯಾರಿಗೆ ನೆನಪಿರುತ್ತದೆ. ಅವನು ನಗಲು ಹೋಗಿ, ಆಗದೆ, ತನ್ನ ಕೈಗಳನ್ನು ನೋಡಿಕೊಂಡ. ಎರಡಕ್ಕೂ ಮೊಣಕೈವರೆಗೆ ಪ್ಲಾಸ್ಟರ್.

“ನಾನು ತಟ್ಟಲಿಲ್ಲ,” ಎಂದ. “ಮೊದಲ ಕಲ್ಲಿಗೇ ಎರಡೂ ಕೈ ಅಡಿಗೆ ಸಿಕ್ಕಿಹಾಕ್ಕೊಂಡ್ವು. ಸುತ್ತಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಕತ್ತಲಲ್ಲಿ ಪಕ್ಕದಲ್ಲೇ ಯಾರೋ ಕೆಮ್ತಾ ಇದ್ರು. ಅಪ್ಪನಿಗೂ ಅಂಥದ್ದೇ ಕೆಮ್ಮಿತ್ತು.”

ಹಾಡುಹಗಲು, ಕಿಟಕಿಯಲ್ಲಿ ಬಿಸಿಲು. ಆದರೂ ನನ್ನ ತೋಳಿನ ರೋಮವೆಲ್ಲ ನಿಂತಿತು. ಅಗೆದವರನ್ನು ಹೋಗಿ ಕೇಳಿದೆ. ಸುತ್ತಿಗೆ ಅವನ ಕಾಲ ಬಳಿ ಕಲ್ಲಿಗೆ ಒರಗಿಸಿಟ್ಟ ಹಾಗಿತ್ತಂತೆ. ಎಲ್ಲದರ ಮೇಲೂ ಬೆರಳುದ್ದ ದೂಳು, ಅದರ ಹಿಡಿಯ ಮೇಲೆ ಮಾತ್ರ ಇರಲಿಲ್ಲವಂತೆ.

ಅವತ್ತೇ ಫಿಲ್ಟರ್ ಅಳಿಸಿದೆ. ಮುಚ್ಚಿದ ಸುರಂಗದ ಸದ್ದಿಗೆ ಅಲಾರಂ ಹೊಡೆಯುವುದಿಲ್ಲ, ಆದರೆ ಎಸೆಯುವುದೂ ಇಲ್ಲ, ನಾನು ಕೂತು ಕೇಳುತ್ತೇನೆ ಎಂದು ಮ್ಯಾನೇಜರಿಗೆ ಹೇಳಿದೆ. ಅವರು ನನ್ನ ಮುಖ ನೋಡಿ ತಲೆಯಾಡಿಸಿದರು.

ಆಸ್ಪತ್ರೆಯಿಂದ ಬಿಟ್ಟ ದಿನ ವೈರ್‌ಮನ್ ಮನೆಗೂ ಹೋಗದೆ ನೇರ ಕಂಟ್ರೋಲ್ ರೂಮಿಗೆ ಬಂದು ನನ್ನ ಪಕ್ಕ ಕೂತ. ಭುಜಕ್ಕೆ ಭುಜ ತಗುಲುತ್ತಿತ್ತು, ಇಬ್ಬರೂ ಸರಿಯಲಿಲ್ಲ.

“ಒಂಬತ್ತು ವರ್ಷದಿಂದ ತಟ್ತಾನೇ ಇದ್ರೋ ಏನೋ,” ಎಂದ. “ಬಂತು ಅಂತ ಒಬ್ಬರೂ ಅನ್ನಲಿಲ್ಲ.”

ಹನ್ನೊಂದೂಕಾಲಾಯಿತು. ರೂಮು ಸುಮ್ಮಸುಮ್ಮನೆ ತಣ್ಣಗಾಯಿತು. ಸ್ಕ್ರೀನಿನಲ್ಲಿ ಗೆರೆ ಎದ್ದಿತು. ಮೂರು. ಬಿಡುವು. ಒಂದು.

ಆ ಗೋಡೆಯ ಹತ್ತಿರ ಒಂದು ಹಳೆಯ ಸ್ಪೀಕರ್ ಇದೆ. ಅದರ ಮೈಕಿನ ಗುಂಡಿ ಒತ್ತಿದೆ.

“ಬಂತು, ಮಾವ,” ಎಂದೆ.

ವೈರ್‌ಮನ್ ನನ್ನ ಕಡೆ ತಿರುಗಿದ. ಅವನ ಎರಡೂ ಕೈ ಪ್ಲಾಸ್ಟರಿನಲ್ಲಿದ್ದವು. ಅವನ ಕಣ್ಣನ್ನು ನಾನೇ ಒರೆಸಬೇಕಾಯಿತು.