ಮೂರನೆಯ ಸಂಖ್ಯೆ

‘ತಮ್ಮ ತುಕಡಿಯ ಒಬ್ಬನನ್ನೂ ಕಳೆದುಕೊಳ್ಳದ ಕರ್ನಲ್.’ ಸಂಜೆಯ ಶ್ರದ್ಧಾಂಜಲಿ ಸಭೆಯಲ್ಲಿ ಅಪ್ಪನ ಬಗ್ಗೆ ಈ ಸಾಲು ಓದಲೋ ಬೇಡವೋ? ಬರೆದುಕೊಟ್ಟವರು ಅವರ ಕೈಕೆಳಗಿದ್ದ ಸುಬೇದಾರರು. ಮನೆಯಲ್ಲಿ ಅವರ ಏಟು ತಿಂದು ಬೆಳೆದ ನನಗೆ ಆ ಹೊಗಳಿಕೆ ಓದಿ ಮೈಯೆಲ್ಲ ಉರಿಯುತ್ತಿತ್ತು.

ಹಿಮದ ಗಡಿಯಲ್ಲಿ ಗಸ್ತಿನಿಂದ ಮರಳಿದ ಸೈನಿಕರು ಸಾಲಾಗಿ ನಿಂತು ತಂತಮ್ಮ ಸಂಖ್ಯೆ ಕೂಗುತ್ತಾರಲ್ಲ, ನಿವೃತ್ತಿಯ ನಂತರ ಅಪ್ಪ ಊಟಕ್ಕೆ ಮುಂಚೆ ನಮ್ಮಿಂದಲೂ ಹಾಗೆಯೇ ಕೂಗಿಸುತ್ತಿದ್ದರು. ಅಕ್ಕ ಒಂದು, ಅಣ್ಣ ಎರಡು, ನಾನು ನಾಲ್ಕು. ಮಕ್ಕಳು ನಾವು ಮೂವರೇ. ‘ಮೂರು ಯಾರಪ್ಪ?’ ಎಂದು ಕೇಳಿದ ದಿನ ನನ್ನ ಕೆನ್ನೆಗೆ ಬಾರಿಸಿದ್ದರು.

ಮಧ್ಯಾಹ್ನ ಅವರ ಕೋಣೆಯಲ್ಲಿ ಬೂಟುಗಳನ್ನು ಚೀಲಕ್ಕೆ ತುರುಕುತ್ತಾ, ಸಿಟ್ಟಿಗೆ ಅವರಂತೆಯೇ ಗುಡುಗಿದೆ: “ಎಣಿಕೆ!”

“ಒಂದು!” ಎಂದಳು ಅಕ್ಕ, ಅಡುಗೆಮನೆಯಿಂದ.

“ಎರಡು! ಸಾಹೇಬ್ರು ಹೋದ್ರು, ಈಗ ನೀನು ಶುರು ಹಚ್ಕೊಂಡ್ಯಾ?” ಎಂದ ಅಣ್ಣ, ಹಜಾರದಿಂದ.

“ಮೂರು, ಸರ್.”

ನನ್ನ ಬೆನ್ನ ಹಿಂದೆಯೇ. ಎಳೆಯ ದನಿ, ಚಳಿಗೆ ನಡುಗುತ್ತಿತ್ತು. ರೂಢಿಬಲದಿಂದ ನನ್ನ ಬಾಯಿ “ನಾಲ್ಕು” ಎಂದಿತು. ತಿರುಗಿದರೆ ಯಾರೂ ಇಲ್ಲ. ಹೊರಗೆ ಬೇಸಿಗೆಯ ಬಿಸಿಲು. ಒಂದು ಹೆಜ್ಜೆ ಹಿಂದೆ ನೆಲ ಮಾತ್ರ ಅಂಗಾಲು ಕೊರೆಯುವಷ್ಟು ತಣ್ಣಗಿತ್ತು.

“ಲೋ, ಒಳಗೆ ಯಾರೋ ಅದು?” ಅಣ್ಣ ಕೂಗಿ ಕೇಳಿದ.

ಸಭೆಯಲ್ಲಿ ಆ ಸಾಲು ಬಿಟ್ಟೆ. ಮುಗಿದ ಮೇಲೆ ಸುಬೇದಾರರು ತೋಳು ಹಿಡಿದರು. “ಯಾಕಪ್ಪಾ, ಮುಖ್ಯವಾದದ್ದನ್ನೇ ನುಂಗಿಬಿಟ್ಟೆ?”

“ನುಂಗಿದ್ದು ನೀವು. ನಿಮ್ಮ ಗಸ್ತಿನಲ್ಲಿ ಮೂರು ಅಂತ ಕೂಗ್ತಿದ್ದವನು ಯಾರು?”

ಅವರು ನನ್ನ ತೋಳು ಬಿಟ್ಟು, ಟೀ ಲೋಟ ಕೆಳಗಿಟ್ಟು ಹೊರಟುಹೋದರು.

ಗಸ್ತಿನಿಂದ ಎಲ್ಲರೂ ಮರಳಿದರೆಂದು ಸೇನೆ ಅಪ್ಪನಿಗೆ ಕೊಟ್ಟ ಪ್ರಶಸ್ತಿಪತ್ರ ಹೇಳುತ್ತದೆ, ಸುಬೇದಾರರೂ ಹೇಳುತ್ತಾರೆ. ಅಪ್ಪ ಮಾತ್ರ ಅದನ್ನು ಒಮ್ಮೆಯೂ ಹೇಳಿರಲಿಲ್ಲ.